ದೊಡ್ಡ ದಾನ ಮತ್ತು ಶಾಲೆಯ ಹಾಜರಿ ಪುಸ್ತಕ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು)



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಕಡೆಯ ಸಂಘಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಒಂದಿದೆ. "ಸಿಸ್ಟರ್, ದೊಡ್ಡ ಕಂಪನಿಯವರು ಸಾವಿರಾರು ಕೋಟಿ ದಾನ ಕೊಟ್ರು ಅಂತ ಟಿ.ವಿ.ಯಲ್ಲಿ ಹೇಳ್ತಾರೆ. ಅದೆಲ್ಲಾ ಯಾರಿಗೆ ಹೋಗುತ್ತೆ? ನಮ್ಮ ಗಲ್ಲಿಗೆ ಒಂದು ರೂಪಾಯೀನೂ ಬಂದಿಲ್ವಲ್ಲ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿಟ್ಟಿನಿಂದಾಗಲಿ, ಹೊಗಳಿಕೆಯಿಂದಾಗಲಿ ಉತ್ತರ ಸಿಗುವುದಿಲ್ಲ. ದಾನದ ಹಣ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಈ ತಿಂಗಳ ಪಾಠ ಅದರ ಬಗ್ಗೆ.

1. ಎಲ್ಲ ದಾನವೂ ಒಂದೇ ಬಗೆಯದಲ್ಲ

ನಮ್ಮ ಸುತ್ತಮುತ್ತ ಕಾಣುವ ದೊಡ್ಡ ದಾನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಕಂಪನಿಯ ಲಾಭದಿಂದ ಕೊಡುವ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದರ ಪ್ರಕಾರ ನಿಗದಿತ ಮಟ್ಟಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ನಾವು ಸಿ.ಎಸ್.ಆರ್. ಎನ್ನುತ್ತೇವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ ಇನ್ಫೋಸಿಸ್ ಕಂಪನಿ ಈ ಕಾನೂನು ಬರುವುದಕ್ಕೆ ಬಹಳ ಮೊದಲೇ, 1996ರಲ್ಲಿ, ಇನ್ಫೋಸಿಸ್ ಫೌಂಡೇಶನ್ ಆರಂಭಿಸಿತು. ಜಯದೇವ ಹೃದ್ರೋಗ ಸಂಸ್ಥೆಗೆ 350 ಹಾಸಿಗೆಗಳ ಕಟ್ಟಡ ಕಟ್ಟಿಸಿಕೊಟ್ಟದ್ದು ಈ ಫೌಂಡೇಶನ್. ಅದರ ಉದ್ಘಾಟನೆ 2021ರಲ್ಲಿ ಆಯಿತು.

ಎರಡನೆಯದು, ಸಾರ್ವಜನಿಕರು ಮತ್ತು ಕಂಪನಿಗಳು ಸೇರಿ ಕೊಡುವ ದೇಣಿಗೆ. ಅಕ್ಷಯ ಪಾತ್ರ ಫೌಂಡೇಶನ್ 2000ದ ಜೂನ್‌ನಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವ ಮೂಲಕ ಪ್ರಾರಂಭವಾಯಿತು. ಸರ್ಕಾರ ಕೊಡುವ ಧಾನ್ಯ ಮತ್ತು ಅನುದಾನದ ಜೊತೆಗೆ ದಾನಿಗಳ ಹಣ ಸೇರಿ ಅಲ್ಲಿ ಅಡುಗೆ ನಡೆಯುತ್ತದೆ.

ಮೂರನೆಯದು, ಒಬ್ಬ ವ್ಯಕ್ತಿ ತನ್ನ ಸ್ವಂತ ಆಸ್ತಿಯನ್ನು ಕೊಡುವುದು. ಬಯೋಕಾನ್ ಸ್ಥಾಪಿಸಿದ ಕಿರಣ್ ಮಜುಂದಾರ್ ಶಾ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ 2009ರಲ್ಲಿ ಬೊಮ್ಮಸಂದ್ರದಲ್ಲಿ ಆರಂಭವಾಯಿತು. ಮೈಂಡ್‌ಟ್ರೀ ಕಂಪನಿಯನ್ನು ಕಟ್ಟಿದವರಲ್ಲಿ ಎರಡು ಕುಟುಂಬಗಳು, ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ ಹಾಗೂ ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು, ಭಾರತೀಯ ವಿಜ್ಞಾನ ಸಂಸ್ಥೆಗೆ ಆಸ್ಪತ್ರೆ ಕಟ್ಟಲು 425 ಕೋಟಿ ರೂಪಾಯಿ ಕೊಡುವುದಾಗಿ 2022ರಲ್ಲಿ ಘೋಷಿಸಿದರು. ಈ ಮೂರನೆಯ ಬಗೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದು ಉದಾಹರಣೆ ನಮ್ಮ ಆನೇಕಲ್ ತಾಲ್ಲೂಕಿನಲ್ಲೇ ಇದೆ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

2. ಅಡುಗೆ ಎಣ್ಣೆಯಿಂದ ಆರಂಭವಾದ ಕಥೆ

ವಿಪ್ರೋ ಎಂದರೆ ಇವತ್ತು ಎಲ್ಲರಿಗೂ ಸಾಫ್ಟ್‌ವೇರ್ ನೆನಪಾಗುತ್ತದೆ. ಆದರೆ ಅದು ಹುಟ್ಟಿದ್ದು 1945ರಲ್ಲಿ, ಮಹಾರಾಷ್ಟ್ರದ ಅಮಳ್ನೇರ್ ಎಂಬಲ್ಲಿ, ವನಸ್ಪತಿ ತಯಾರಿಸುವ ಕಂಪನಿಯಾಗಿ. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿಯವರಿಗೆ 21 ವರ್ಷ. ಓದನ್ನು ನಿಲ್ಲಿಸಿ ಬಂದು ವ್ಯಾಪಾರ ನೋಡಿಕೊಂಡರು. ಮುಂದೆ ಕಂಪನಿ ಬೆಂಗಳೂರಿನಲ್ಲಿ ಬೆಳೆಯಿತು. ಸರ್ಜಾಪುರ ರಸ್ತೆ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕ್ಯಾಂಪಸ್ಸುಗಳಾದವು. ಪೀಣ್ಯದಲ್ಲಿ ಈ ಸಮೂಹದ ಹೈಡ್ರಾಲಿಕ್ ಸಿಲಿಂಡರ್ ಕಾರ್ಖಾನೆಯೂ ಇದೆ.

2000-01ರಲ್ಲಿ ಅವರು ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರಂಭಿಸಿದರು. ಉದ್ದೇಶ, ಮುಖ್ಯವಾಗಿ ಸರ್ಕಾರಿ ಶಾಲೆಗಳ ಶಿಕ್ಷಣ ಸುಧಾರಿಸುವುದು. ದಾನ ಹಂತಹಂತವಾಗಿ ಬೆಳೆಯಿತು:

• 2010ರ ಡಿಸೆಂಬರ್: ವಿಪ್ರೋದ ಶೇಕಡಾ 8.7ರಷ್ಟು ಶೇರುಗಳು. ಅಂದಿನ ಬೆಲೆ ಸುಮಾರು 8,846 ಕೋಟಿ ರೂಪಾಯಿ.
• 2013: ಮತ್ತೆ ಸುಮಾರು ಶೇಕಡಾ 12ರಷ್ಟು ಶೇರುಗಳು. ಸಂಪತ್ತಿನ ಬಹುಪಾಲನ್ನು ದಾನ ಮಾಡುತ್ತೇವೆಂದು ಜಗತ್ತಿನ ಶ್ರೀಮಂತರು ಸಹಿ ಹಾಕುವ ಪ್ರತಿಜ್ಞೆಗೆ ಭಾರತದಿಂದ ಮೊದಲು ಸಹಿ ಮಾಡಿದವರೂ ಅವರೇ, ಅದೇ ವರ್ಷ.
• 2019ರ ಮಾರ್ಚ್: ಇನ್ನೂ ಶೇಕಡಾ 34ರಷ್ಟು ಶೇರುಗಳ ಆದಾಯ, ಅಂದರೆ 52,750 ಕೋಟಿ ರೂಪಾಯಿ ಬೆಲೆಯದ್ದು. ಇದರೊಂದಿಗೆ ಒಟ್ಟು ದಾನನಿಧಿ ಸುಮಾರು 1,45,000 ಕೋಟಿ ರೂಪಾಯಿ ಎಂದು ಪ್ರಕಟಿಸಲಾಯಿತು. ವಿಪ್ರೋದ ಸುಮಾರು ಶೇಕಡಾ 67ರಷ್ಟು ಒಡೆತನದ ಆದಾಯ ದಾನದ ಕೆಲಸಕ್ಕೆ ಸೇರಿತು.

3. ತೋಟ ಕೊಟ್ಟವರು, ಕಾಯಿ ಕೊಟ್ಟವರು

1,45,000 ಕೋಟಿ ಎಂದ ಕೂಡಲೇ ಎಲ್ಲೋ ಒಂದು ಕೋಣೆಯಲ್ಲಿ ನೋಟಿನ ಕಂತೆ ಇದೆ ಎಂದು ತಿಳಿಯಬಾರದು. ಒಂದು ತೆಂಗಿನ ತೋಟ ಯೋಚನೆ ಮಾಡಿ. ಪ್ರತಿವರ್ಷ ನೂರು ಕಾಯಿ ದಾನ ಮಾಡುವವರು ಒಳ್ಳೆಯವರೇ. ಆದರೆ ಮುಂದಿನ ವರ್ಷ ಮನಸ್ಸು ಬದಲಾದರೆ ಕಾಯಿ ನಿಂತಿತು. ತೋಟವನ್ನೇ ಊರಿನ ಶಾಲೆಯ ಹೆಸರಿಗೆ ಬರೆದುಕೊಟ್ಟರೆ? ಕೊಟ್ಟವರು ತೀರಿಕೊಂಡರೂ ಕಾಯಿ ಬರುತ್ತಲೇ ಇರುತ್ತದೆ.

ಇಲ್ಲಿ ಶೇರುಗಳೇ ತೋಟ. ಕಂಪನಿ ಲಾಭಾಂಶ ಹಂಚಿದಾಗ ಅಥವಾ ತನ್ನ ಶೇರುಗಳನ್ನು ಮರಳಿ ಕೊಂಡಾಗ ಬರುವ ಹಣವೇ ಕಾಯಿ. 2019ರ ಲೆಕ್ಕದಂತೆ ಕಂಪನಿ 100 ರೂಪಾಯಿ ಲಾಭಾಂಶ ಹಂಚಿದರೆ ಸುಮಾರು 67 ರೂಪಾಯಿ ದಾನದ ಕೆಲಸಕ್ಕೆ ಹೋಗುತ್ತದೆ. ಪೇಟೆಯಲ್ಲಿ ಶೇರಿನ ಬೆಲೆ ಇಳಿದರೆ ತೋಟದ ಬೆಲೆಯೂ ಇಳಿಯುತ್ತದೆ, ಏರಿದರೆ ಏರುತ್ತದೆ. ಆದ್ದರಿಂದ ಆ ದೊಡ್ಡ ಅಂಕಿ ಒಂದೇ ವರ್ಷದಲ್ಲಿ ಖರ್ಚು ಮಾಡುವ ಹಣ ಅಲ್ಲ.

ಈ ತೋಟಕ್ಕೆ ನೀರು ಹಾಕಿದವರು ಯಾರು? ಇಂಜಿನಿಯರುಗಳು ಮಾತ್ರವೇ? ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಕಟ್ಟಡ ಕಟ್ಟಿದವರು, ನೆಲ ಒರೆಸಿದವರು, ರಾತ್ರಿ ಗೇಟು ಕಾದವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದವರು, ಎಲ್ಲರ ದುಡಿಮೆಯೂ ಕಂಪನಿಗಳ ಲಾಭದಲ್ಲಿ ಸೇರಿದೆ. ದಾನಿಯ ದೊಡ್ಡ ಮನಸ್ಸನ್ನು ಗೌರವಿಸೋಣ. ಹಾಗೆಯೇ ಈ ಹಣದ ಎದುರು ನಾವು ಕೈಚಾಚಿ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ ಎಂಬುದನ್ನೂ ನೆನಪಿಡೋಣ.

4. ಹಣ ಬರುವ ದಾರಿ

ಫೌಂಡೇಶನ್ ನಮ್ಮ ಮನೆಮನೆಗೆ ಬಂದು ಹಣ ಹಂಚುವುದಿಲ್ಲ. ಅದರ ಹೆಚ್ಚಿನ ಕೆಲಸ ಸರ್ಕಾರಿ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಯಾದಗಿರಿ, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ವರ್ಷಾನುಗಟ್ಟಲೆ ಕೆಲಸ ಮಾಡುತ್ತಾ ಬಂದಿದೆ. 2010ರಲ್ಲಿ ರಾಜ್ಯದ ಕಾಯ್ದೆಯ ಮೂಲಕ ವಿಶ್ವವಿದ್ಯಾಲಯವಾಯಿತು. ಮೊದಲ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ನಡೆದು, ಈಗ ಸರ್ಜಾಪುರ ಬಳಿಯ ಬುರುಗುಂಟೆಯಲ್ಲಿದೆ. ಬೇರೆ ಸ್ವಯಂಸೇವಾ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ.

ನಮ್ಮ ಮಕ್ಕಳಿಗೆ ನೇರವಾಗಿ ತಲುಪುವ ಎರಡು ಕಾರ್ಯಕ್ರಮಗಳನ್ನು ಗಮನಿಸಿ.

ಒಂದು, ಮೊಟ್ಟೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ರಾಜ್ಯ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರ ಜುಲೈನಲ್ಲಿ ಆದ ಒಪ್ಪಂದದಂತೆ ಉಳಿದ ನಾಲ್ಕು ದಿನದ ಖರ್ಚನ್ನು ಫೌಂಡೇಶನ್ ವಹಿಸಿಕೊಂಡಿತು. ಒಂದರಿಂದ ಹತ್ತನೇ ತರಗತಿಯವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ, ಮೂರು ವರ್ಷಕ್ಕೆ, 1,500 ಕೋಟಿ ರೂಪಾಯಿಗೂ ಹೆಚ್ಚು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಈ ದೊಡ್ಡ ಅಂಕಿಯನ್ನು ಭಾಗಿಸಿ ನೋಡಿ: ಒಂದು ಮಗುವಿಗೆ ವರ್ಷಕ್ಕೆ 900ರಿಂದ 1,000 ರೂಪಾಯಿ ಅಷ್ಟೇ. ದೊಡ್ಡ ದಾನ ಮಗುವಿನ ತಟ್ಟೆಗೆ ಬರುವಾಗ ಇಷ್ಟು ಚಿಕ್ಕದಾಗಿ ಬರುತ್ತದೆ. ಆದರೆ ವಾರದಲ್ಲಿ ನಾಲ್ಕು ದಿನ ಬರುತ್ತದೆ.

ಎರಡು, ಹೆಣ್ಣುಮಕ್ಕಳ ವಿದ್ಯಾರ್ಥಿವೇತನ. ಹತ್ತನೇ ತರಗತಿ ಮತ್ತು ದ್ವಿತೀಯ ಪಿ.ಯು.ಸಿ. ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರುವ ಹುಡುಗಿಯರಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ಹಣ ಹುಡುಗಿಯ ಬ್ಯಾಂಕ್ ಖಾತೆಗೇ ಬರುತ್ತದೆ. 2025-26ರಲ್ಲಿ ಈ ಯೋಜನೆಯನ್ನು 18 ರಾಜ್ಯಗಳಿಗೆ ವಿಸ್ತರಿಸಲಾಯಿತು. ಅರ್ಜಿ ಫೌಂಡೇಶನ್ನಿನ ಜಾಲತಾಣದಲ್ಲಿ ಮಾತ್ರ. ಅರ್ಜಿಗೆ ಶುಲ್ಕ ಇಲ್ಲ. "ಐನೂರು ಕೊಡಿ, ನಾನು ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಬಂದರೆ ನಂಬಬೇಡಿ.

5. ದಾರಿ ನಿಂತುಹೋಗುವುದು ಎಲ್ಲಿ?

ಈಗ ಮೊದಲ ಪ್ರಶ್ನೆಗೆ ಬರೋಣ. ಈ ಎರಡು ಕಾರ್ಯಕ್ರಮಗಳಲ್ಲೂ ಒಂದು ಸಮಾನ ಅಂಶ ಇದೆ. ಮಗುವಿನ ಹೆಸರು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಬೇಕು. ಮೊಟ್ಟೆ ಅನುದಾನಿತ ಶಾಲೆಗಳಲ್ಲೂ ಸಿಗುತ್ತದೆ. ಆದರೆ ಹೆಸರೇ ಎಲ್ಲೂ ಇಲ್ಲದಿದ್ದರೆ? ಆಗ 1,45,000 ಕೋಟಿಯೂ ಆ ಮಗುವಿನ ಪಾಲಿಗೆ ಸೊನ್ನೆ.

ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಹಿಂದೆ ನೀಲಿ ಟಾರ್ಪಾಲು ಮತ್ತು ತಗಡಿನ ಶೆಡ್ಡುಗಳನ್ನು ನೋಡಿದ್ದೀರಿ. ಅಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಈ ಮಕ್ಕಳ ಸ್ಥಿತಿ ಯೋಚಿಸಿ. ಸರ್ಜಾಪುರದಲ್ಲಿ ಕಚೇರಿ ಇರುವ ಫೌಂಡೇಶನ್ ಯಾದಗಿರಿಯ ಶಾಲೆ ಸುಧಾರಿಸಲು ದುಡಿಯುತ್ತಿದೆ. ಯಾದಗಿರಿಯ ಮಗು ಮಾತ್ರ ಅಪ್ಪ ಅಮ್ಮನ ಜೊತೆ ಸರ್ಜಾಪುರ ರಸ್ತೆಯ ಶೆಡ್ಡಿನಲ್ಲಿ ತಂಗಿಯನ್ನು ಎತ್ತಿಕೊಂಡು ಕೂತಿದೆ! ಅಲ್ಲಿ ಹೆಸರಿದೆ, ಮಗು ಇಲ್ಲ. ಇಲ್ಲಿ ಮಗು ಇದೆ, ಹೆಸರಿಲ್ಲ. ಮೊಟ್ಟೆ ಎರಡೂ ಕಡೆ ತಪ್ಪಿತು. ಹತ್ತು ವರ್ಷ ಕಳೆದ ಮೇಲೆ ವಿದ್ಯಾರ್ಥಿವೇತನವೂ ತಪ್ಪುತ್ತದೆ.

ಇದನ್ನು ಯಾವ ದಾನಿಯೂ ದೂರದಿಂದ ಸರಿಪಡಿಸಲಾರರು. ಶೆಡ್ಡಿನ ಬಾಗಿಲಿಗೆ ಹೋಗಿ ಹೆಸರು ಬರೆದುಕೊಳ್ಳುವ ಕೆಲಸ ಹತ್ತಿರದವರದ್ದು. ಅಂದರೆ ನಮ್ಮದು.

6. ಕಾನೂನು ನಮ್ಮ ಕಡೆ ಇದೆ

"ದಾಖಲೆ ಇಲ್ಲ, ಜೂನ್ ಮುಗಿದುಹೋಯ್ತು, ಟಿ.ಸಿ. ತನ್ನಿ" ಅಂತ ವಾಪಸ್ಸು ಕಳಿಸಿದರೆ ಸುಮ್ಮನೆ ಬರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಹೀಗೆ ಹೇಳುತ್ತದೆ:

• ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.
• ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು.
• ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ.
• ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು.

ಮುಖ್ಯ ಶಿಕ್ಷಕರ ಜೊತೆ ಜಗಳ ಬೇಡ. ಅವರಿಗೂ ಕೆಲಸದ ಹೊರೆ ಇದೆ. ಮರ್ಯಾದೆಯಿಂದ ಕಾಯ್ದೆ ನೆನಪಿಸಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

7. ದಾನ ಕೂಲಿಗೆ ಬದಲಿ ಅಲ್ಲ

ಒಂದು ಎಚ್ಚರಿಕೆಯ ಮಾತು. ಶಾಲೆಯಲ್ಲಿ ಮೊಟ್ಟೆ ಸಿಗುತ್ತದೆ ಎಂದು ತಾಯಿಗೆ ಕನಿಷ್ಠ ವೇತನ ಕೊಡದೇ ಇರಬಹುದೇ? ಗುತ್ತಿಗೆ ಕೆಲಸದವರ ಪಿ.ಎಫ್., ಇ.ಎಸ್.ಐ. ಕಟ್ಟದೇ ಇರಬಹುದೇ? ಇಲ್ಲ. ಅವು ಕಾನೂನಿನ ಹಕ್ಕು. ದಾನ ಮನಸ್ಸಿನಿಂದ ಬರುವಂಥದ್ದು, ಕೂಲಿ ನ್ಯಾಯದಿಂದ ಬರಬೇಕಾದದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲು ಯಾರಿಗೂ ಅವಕಾಶ ಕೊಡಬಾರದು.

ಹಾಗೆಯೇ ಮೊಟ್ಟೆಯ ಒಪ್ಪಂದ ಮೂರು ವರ್ಷದ್ದು. ಒಪ್ಪಂದಕ್ಕೆ ಕೊನೆ ಇದೆ, ಮಗುವಿನ ಹಸಿವಿಗೆ ಇಲ್ಲ. ಅವಧಿ ಮುಗಿದ ಮೇಲೆ ಏನು ಎಂದು ಈಗಿನಿಂದಲೇ ಶಾಲಾ ಮೇಲುಸ್ತುವಾರಿ ಸಮಿತಿಯಲ್ಲಿ ಕೇಳಬೇಕಾದವರು ಪೋಷಕರು.

8. ಈ ತಿಂಗಳ ಕೆಲಸ

(1) ಪ್ರತಿ ಸಂಘವೂ ತನ್ನ ಹತ್ತಿರದ ಒಂದು ಶೆಡ್ ಕಾಲೋನಿಗೆ ಇಬ್ಬರು ಸದಸ್ಯರನ್ನು ಕಳಿಸಲಿ. ಭಾನುವಾರ ಸಂಜೆ ಹೋದರೆ ತಾಯಂದಿರು ಸಿಗುತ್ತಾರೆ.
(2) 6ರಿಂದ 14 ವರ್ಷದ ಮಕ್ಕಳ ಹೆಸರು, ವಯಸ್ಸು, ಊರು, ಕೊನೆಗೆ ಓದಿದ ಶಾಲೆ ಬರೆದುಕೊಳ್ಳಿ.
(3) ಪಟ್ಟಿಯನ್ನು ಹತ್ತಿರದ ಸರ್ಕಾರಿ ಶಾಲೆಗೆ ತಲುಪಿಸಿ, ಪೋಷಕರ ಜೊತೆ ಹೋಗಿ ಸೇರಿಸಿ.
(4) ಸಂಘದ ಸದಸ್ಯರ ಮನೆಯಲ್ಲಿ ಪಿ.ಯು.ಸಿ. ಓದುತ್ತಿರುವ ಹುಡುಗಿಯರ ಪಟ್ಟಿ ಮಾಡಿ. ಆಧಾರ್, ಅಂಕಪಟ್ಟಿ, ಸ್ವಂತ ಹೆಸರಿನ ಬ್ಯಾಂಕ್ ಖಾತೆ ಸರಿ ಇದೆಯೇ ನೋಡಿ. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇರಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಬೀದಿಯಲ್ಲಿ ಶಾಲೆಗೆ ಹೋಗದ ಮಕ್ಕಳು ಎಷ್ಟು? ಅವರ ಹೆಸರು ನಮಗೆ ಗೊತ್ತೇ?
2. ಸಾಲ ಮಾಡಿ ಖಾಸಗಿ ಶಾಲೆಗೆ ಸೇರಿಸುವುದಕ್ಕೂ ಸರ್ಕಾರಿ ಶಾಲೆಯನ್ನು ನಾವೇ ಗಮನಿಸಿ ಸರಿಪಡಿಸುವುದಕ್ಕೂ ಇರುವ ಲಾಭ ನಷ್ಟಗಳೇನು?
3. ನಾವು ಕೆಲಸ ಮಾಡುವ ಕಡೆ ನಮಗೆ ಬರಬೇಕಾದ ಕೂಲಿ, ಪಿ.ಎಫ್., ಇ.ಎಸ್.ಐ. ಸರಿಯಾಗಿ ಬರುತ್ತಿದೆಯೇ?

ಮುಂದಿನ ಸಭೆಗೆ ಬರುವಾಗ ಹೆಸರುಗಳ ಪಟ್ಟಿಯನ್ನು ತಪ್ಪದೇ ತನ್ನಿ. ಒಂದೇ ಹೆಸರಿದ್ದರೂ ಸಾಕು, ಅಲ್ಲಿಂದ ಶುರು ಮಾಡೋಣ.