ಆತ್ಮಪ್ರದಕ್ಷಿಣೆ

ಬಿದ್ದದ್ದು ಬಚ್ಚಲಲ್ಲಲ್ಲ, ಮೆಟ್ಟಿಲ ಮೇಲೂ ಅಲ್ಲ, ದೇವರ ಮುಂದೆ. ಮಂಗಳಾರತಿ ಮುಗಿಸಿ ಆತ್ಮಪ್ರದಕ್ಷಿಣೆ ಹಾಕುತ್ತಿದ್ದೆ. ಎರಡನೇ ಸುತ್ತಿನಲ್ಲಿದ್ದಾಗ ಹಿಂದಿನಿಂದ ಮೊಮ್ಮಗಳು "ತಾತಾ, ಫೋನು!" ಎಂದು ಕೂಗಿದಳು. "ಯಾರದೇ?" ಎಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಕೆನ್ನೆಗೆ ತಾಗಿದ ತಣ್ಣನೆಯ ನೆಲ. ಎಡ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್.

ನನಗೆ 73. ದಿನಾ ಮೂರು ಕಿಲೋಮೀಟರ್ ನಡೆಯುವವನೆಂಬ ಜಂಬ ಬೇರೆ. ಫಿಸಿಯೋಥೆರಪಿಯ ಹುಡುಗಿ ಅದನ್ನೆಲ್ಲ ಕೇಳಿಸಿಕೊಂಡು, ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿದಳು. ನೆಟ್ಟಗೆ ನಡೆದದ್ದನ್ನು ಅವಳು ಅಷ್ಟಾಗಿ ನೋಡಲಿಲ್ಲ. ತಿರುಗುವಾಗ ಮಾತ್ರ ಬಗ್ಗಿ ಪಾದವನ್ನೇ ನೋಡಿದಳು. "ಅರ್ಧ ಸುತ್ತಿಗೆ ಏಳು ಹೆಜ್ಜೆ ಅಂಕಲ್. ಬೀರು ತಿರುಗಿಸಿದ ಹಾಗೆ ತಿರುಗ್ತೀರಿ."

ನಿಜವೇ. ಮೊಮ್ಮಗಳನ್ನು ಗಮನಿಸಿದೆ: ಮೊದಲು ಕಣ್ಣು, ಆಮೇಲೆ ಕತ್ತು, ಭುಜ, ಸೊಂಟ, ಕೊನೆಗೆ ಕಾಲು. ನನ್ನದು ಎಲ್ಲವೂ ಒಟ್ಟಿಗೆ.

ನೆಟ್ಟಗೆ ನಡೆಯುವುದಕ್ಕೆ ಮೆದುಳು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲವಂತೆ. ಎಡ-ಬಲದ ತಾಳವನ್ನು ಬೆನ್ನುಹುರಿಯ ನರಜಾಲವೇ ಹಾಕುತ್ತದೆ. ರೂಢಿಯ ಕೆಲಸ ನೋಡಿಕೊಳ್ಳಲು ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಇದೆ, ತೂಕ ಸರಿದೂಗಿಸಲು ಕಿರುಮೆದುಳು ಇದೆ. ತಿರುವಿನಲ್ಲಿ ಈ ತಾಳ ಮುರಿಯುತ್ತದೆ. ಒಳಗಿನ ಕಾಲಿಗೆ ಗಿಡ್ಡ ಹೆಜ್ಜೆ, ಹೊರಗಿನದಕ್ಕೆ ಉದ್ದ ಹೆಜ್ಜೆ. ಕಿವಿಯೊಳಗಿನ ದ್ರವವೂ ಅಲುಗಾಡುತ್ತದೆ. ವಯಸ್ಸಾದಂತೆ ಇಂಥ ಕಡೆ ಹಣೆಯ ಹಿಂದಿನ ಮೆದುಳು ಕೈಜೋಡಿಸಬೇಕಾಗುತ್ತದೆ. ಮಾತಿಗೆ ಬೇಕಾದ ಗಮನವೂ ಅಲ್ಲಿಂದಲೇ ಬರಬೇಕು. ನನ್ನ "ಯಾರದೇ?" ಎಷ್ಟು ದುಬಾರಿಯಾಯಿತೆಂದು ಆಗ ತಿಳಿಯಿತು.

ಸ್ವೀಡನ್‌ನ ಸಂಶೋಧಕರು 1997ರಲ್ಲಿ 58 ವೃದ್ಧರ ಜೊತೆ ನಡೆಯುತ್ತಾ ಮಾತು ತೆಗೆದರಂತೆ. ಉತ್ತರಿಸಲು ನಿಂತುಬಿಟ್ಟವರು 12 ಮಂದಿ. ಆರು ತಿಂಗಳೊಳಗೆ ಅವರಲ್ಲಿ 10 ಮಂದಿ ಬಿದ್ದಿದ್ದರು. ವಾಕಿಂಗ್‌ನಲ್ಲಿ ಮಾತು ಬಂದರೆ ನಾನು ನಿಂತುಬಿಡುತ್ತೇನೆಂದು ಹೆಂಡತಿ ವರ್ಷಗಳಿಂದ ಗೊಣಗುತ್ತಿದ್ದಳು. ನಾನೋ, ಅದನ್ನು ಸೌಜನ್ಯವೆಂದುಕೊಂಡಿದ್ದೆ!

ಈಗ ಸರ್ಕಲ್‌ನಲ್ಲಿ ಬಸ್ಸು ತಿರುಗುವಂತೆ ಅಗಲವಾಗಿ ತಿರುಗುತ್ತೇನೆ, ಕಣ್ಣನ್ನು ಮೊದಲು ಕಳಿಸಿ. ಉತ್ತರ ಕೊಡುವುದು ತಿರುಗಿದ ಮೇಲೆಯೇ. ಆತ್ಮಪ್ರದಕ್ಷಿಣೆಯ ಬದಲು ತುಳಸಿಕಟ್ಟೆಗೆ ಮೂರು ಸುತ್ತು ಬರುತ್ತೇನೆ. ದೇವರು ತಕರಾರು ಮಾಡಿಲ್ಲ.

ನಿಮ್ಮ ಮನೆಯಲ್ಲೂ ನನ್ನ ವಯಸ್ಸಿನವರಿದ್ದರೆ ದಯವಿಟ್ಟು ಬೆನ್ನ ಹಿಂದಿನಿಂದ ಕೂಗಬೇಡಿ. ಎದುರಿಗೆ ಬಂದು ಮಾತಾಡಿಸಿ.