ಮೋಟಾರು ಯಾರದು, ಸಿಗ್ನಲ್ ಯಾರದು?

ಕಾರವಾರ, ಅಂಕೋಲೆಯಿಂದ ಹೊಸದಾಗಿ ಆಟೊಮೇಶನ್ ಕೆಲಸಕ್ಕೆ ಇಳಿಯುತ್ತಿರುವವರೇ, ಕೇಬಲ್ ಎಳೆಯುವ ಮೊದಲು ಎಲೆಕ್ಟ್ರಿಕಲ್‌ನವರೂ ಇನ್‌ಸ್ಟ್ರುಮೆಂಟೇಶನ್‌ನವರೂ ಒಟ್ಟಿಗೆ ಕೂತು ಸಿಗ್ನಲ್ ಪಟ್ಟಿ ಓದಿ. ಜಗಳ ಹುಟ್ಟುವುದು ಗಡಿಯಲ್ಲೇ. ಪಂಪಿನ ಮೋಟಾರು ಎಲೆಕ್ಟ್ರಿಕಲ್‌ನವರದು, ಪಿಎಲ್‌ಸಿ ಇನ್‌ಸ್ಟ್ರುಮೆಂಟೇಶನ್‌ನವರದು. ಮೋಟಾರು ಓಡುತ್ತಿದೆ, ಟ್ರಿಪ್ ಆಗಿದೆ ಎಂದು ಎಂಸಿಸಿ ಪ್ಯಾನೆಲ್‌ನಿಂದ ಪಿಎಲ್‌ಸಿಗೆ ತಿಳಿಸುವ ತಂತಿ ಯಾರದು? 24 ವೋಲ್ಟ್ ಯಾವ ಕಡೆಯಿಂದ ಬರಬೇಕು? ನಡುವಿನ ರಿಲೇ ಯಾವ ಪ್ಯಾನೆಲ್‌ನಲ್ಲಿ? ಬರೆದು, ಇಬ್ಬರೂ ಸಹಿ ಹಾಕಿ.

4ರಿಂದ 20 ಮಿಲಿಆಂಪಿಯರ್ ಸಿಗ್ನಲ್ ಕೇಬಲನ್ನು ಪವರ್ ಕೇಬಲಿನ ಟ್ರೇಯಲ್ಲಿ ಹಾಕಬೇಡಿ. ವಿಎಫ್‌ಡಿ ಇದ್ದಲ್ಲಂತೂ ಬೇಡವೇ ಬೇಡ. ದಾಟಿಸಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಿ. ಈ ಕೇಬಲಿನ ಶೀಲ್ಡನ್ನು ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡುತ್ತಾರೆ. ಎರಡೂ ತುದಿಗೆ ಕಟ್ಟಿದರೆ ಅರ್ತ್‌ಗಳ ವ್ಯತ್ಯಾಸದಿಂದ ಶೀಲ್ಡಿನಲ್ಲೇ ಕರೆಂಟ್ ಹರಿದು ಅಳತೆ ಕೆಡಬಹುದು. ಆ ದೋಷ ಹುಡುಕುತ್ತ ಎರಡು ತಂಡಗಳು ಒಬ್ಬರನ್ನೊಬ್ಬರು ದೂರಿ ರಾತ್ರಿ ಕಳೆಯುವುದು ನೋಡಲು ಸಂಕಟ.

ನಮ್ಮ ಕಡಲತಡಿಯ ಉಪ್ಪುಗಾಳಿ ಟರ್ಮಿನಲ್ಲುಗಳನ್ನು ಬೇಗ ಹಸಿರುಗಟ್ಟಿಸುತ್ತದೆ. ಜೂನ್ ಮಳೆಗೆ ಮುಂಚೆ ಎಲ್ಲ ಗ್ಲ್ಯಾಂಡ್ ಬಿಗಿ ಮಾಡಿ, ಬಳಸದ ತೂತುಗಳಿಗೆ ಪ್ಲಗ್ ಹಾಕಿ. ಜಂಕ್ಷನ್ ಬಾಕ್ಸಿಗೆ ಕೇಬಲನ್ನು ಕೆಳಗಿನಿಂದಲೇ ಒಳಬಿಡಿ.

ಕಾರವಾರ ತಾಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿತು. ವಿದ್ಯುತ್ ವಿಭಾಗ, ಅಳತೆ-ನಿಯಂತ್ರಣ ವಿಭಾಗ ಎರಡೂ ಸರಿಯಿರದೆ ಅಂಥ ಓಟ ಆಗದು. ನಿಮ್ಮ ಸೈಟಿನಲ್ಲೂ ಲೂಪ್ ಚೆಕ್ ದಿನ ಒಬ್ಬರು ಪ್ಯಾನೆಲ್ ಹತ್ತಿರ, ಇನ್ನೊಬ್ಬರು ಫೀಲ್ಡಿನಲ್ಲಿ ವಾಕಿಟಾಕಿ ಹಿಡಿದು ನಿಲ್ಲಿ. ಸರಿಯಾದ ಪ್ರತಿ ಲೂಪಿಗೂ ಅಲ್ಲೇ ಗುರುತು ಹಾಕಿ.