ಕೆಲಸ ಕಲಿಸಿದವರ ಎದುರು ನಿಂತ ಹಾಗೆ ಅನ್ನಿಸುತ್ತಿದೆ

ಪ್ರಶ್ನೆ: ಅಮೆರಿಕದ ಆಸ್ಪತ್ರೆಯೊಂದರ ಐಸಿಯುನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಆಗಿದ್ದೇನೆ. ಅಸೋಸಿಯೇಟ್ ಡಿಗ್ರಿಯ ಮೇಲೆ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಬ್ಯಾಚುಲರ್ ಪದವಿ ಮುಗಿಸಿದೆ. ಹೊಸಬರ ಲೈಸೆನ್ಸಿಗೆ ಬ್ಯಾಚುಲರ್ ಪದವಿ ಕಡ್ಡಾಯ ಮಾಡಬೇಕೆಂದು ನಮ್ಮ ರಾಜ್ಯದ ಶಾಸಕರ ಮುಂದೆ ಮಾತಾಡಲು ಒಪ್ಪಿದ್ದೇನೆ. ವಿಷಯ ತಿಳಿದ ಮೇಲೆ, ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮಾತು ಬಿಟ್ಟಿದ್ದಾರೆ. ನಿದ್ದೆ ಬರುತ್ತಿಲ್ಲ. ಹಿಂದೆ ಸರಿಯಲೇ?
– ಹೆಸರು ಬೇಡ

ಉತ್ತರ: ಕೈಹಿಡಿದು ವೆಂಟಿಲೇಟರ್ ಕಲಿಸಿದವರು ಮುಖ ತಿರುಗಿಸಿದರೆ ಯಾರಿಗಾದರೂ ನಿದ್ದೆ ಹಾರಿಹೋಗುತ್ತದೆ. ನಿಮಗೆ ಅವರ ಮೇಲೆ ಗೌರವ ಇರುವುದರಿಂದಲೇ ಇಷ್ಟು ನೋವಾಗಿದೆ. ಆದರೆ ಮನಸ್ಸು ಚುಚ್ಚುತ್ತಿದೆ ಎಂದ ಮಾತ್ರಕ್ಕೆ ನೀವು ತಪ್ಪು ಮಾಡಿದ್ದೀರಿ ಎಂದಾಗುವುದಿಲ್ಲ.

ಅವರ ಕಿವಿಗೆ ನಿಮ್ಮ ಮಾತು ಹೇಗೆ ಬಿದ್ದಿರಬಹುದು? 'ನಿನ್ನ ಓದು ಸಾಲದು' ಎಂದು. ಕೋವಿಡ್ ಕಾಲದಲ್ಲಿ ರೋಗಿಗಳ ಉಸಿರು ಕಾದವರಿಗೆ ಅದು ಅವಮಾನವೇ. ನೀವು ಹೇಳಹೊರಟಿರುವುದು ಬೇರೆ: ಈ ಕೆಲಸ ಬೆಳೆದಿದೆ, ಅದಕ್ಕೆ ತಕ್ಕಷ್ಟು ಓದಿನ ಸಮಯ ಮುಂದೆ ಬರುವ ಮಕ್ಕಳಿಗೆ ಸಿಗಲಿ ಎಂದು. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಈ ದಾರಿಯಲ್ಲಿ ನೀವು ಒಂಟಿಯೂ ಅಲ್ಲ. ಅಲ್ಲಿನ ರೆಸ್ಪಿರೇಟರಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೋಆರ್ಕ್ ಸಂಸ್ಥೆ, ಹೊಸದಾಗಿ ಶುರುವಾಗುವ ಕೋರ್ಸುಗಳು ಕನಿಷ್ಠ ಬ್ಯಾಚುಲರ್ ಮಟ್ಟದವೇ ಆಗಿರಬೇಕೆಂದು 2018ರಲ್ಲಿ ನಿಯಮ ಜಾರಿಗೆ ತಂದಿತು. ಹಳೆಯ ಅಸೋಸಿಯೇಟ್ ಕೋರ್ಸುಗಳನ್ನು ಮುಚ್ಚಿಸಲಿಲ್ಲ. ನರ್ಸುಗಳ ವಿಷಯದಲ್ಲಿ ನ್ಯೂಯಾರ್ಕ್ 2017ರಲ್ಲೇ ಕಾನೂನು ಮಾಡಿತು. ಹೊಸ ನರ್ಸುಗಳು ಮೊದಲು ಕೆಲಸಕ್ಕೆ ಸೇರಬಹುದು, 10 ವರ್ಷದೊಳಗೆ ಬ್ಯಾಚುಲರ್ ಮುಗಿಸಬೇಕು. ಆಗಲೇ ಲೈಸೆನ್ಸ್ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ರಾಜ್ಯದ ಮಸೂದೆ ಹಳಬರ ಬಗ್ಗೆ ಏನು ಹೇಳುತ್ತದೆ? ಅದನ್ನು ಮೊದಲು ಸಾಲು ಸಾಲಾಗಿ ಓದಿ. ರಕ್ಷಣೆ ಸ್ಪಷ್ಟವಾಗಿಲ್ಲದಿದ್ದರೆ, ಅದನ್ನು ಸೇರಿಸಿ ಎಂದು ನೀವೇ ಕೇಳಬೇಕು.

ಆಮೇಲೆ ಆ ಹಿರಿಯರನ್ನು ಕಾಫಿಗೆ ಕರೆಯಿರಿ. ಒಪ್ಪಿಸಲಿಕ್ಕಲ್ಲ, ಕೇಳಲಿಕ್ಕೆ. ಕಮ್ಯುನಿಟಿ ಕಾಲೇಜಿನ ಕಡಿಮೆ ಖರ್ಚಿನ ಓದು ತಪ್ಪಿದರೆ ಬಡ ಮಕ್ಕಳು ಎಲ್ಲಿಗೆ ಹೋಗಬೇಕು, ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಜನ ಎಲ್ಲಿಂದ ಬರಬೇಕು ಎಂದು ಅವರು ಕೇಳಿದರೆ, ಅದು ಹೊಟ್ಟೆಕಿಚ್ಚಿನ ಮಾತಲ್ಲ. ನಿಜವಾದ ಪ್ರಶ್ನೆ. ಶಾಸಕರ ಮುಂದೆ ಅದನ್ನೂ ಹೇಳಿ. ಕೆಲಸ ಮಾಡುತ್ತಲೇ ಓದುವ ಅವಕಾಶ, ಶುಲ್ಕಕ್ಕೆ ನೆರವು ಬೇಕೆಂದು ಒತ್ತಾಯಿಸಿ. ನೀವು ಹಾಗೆಯೇ ಓದಿದವರು, ನಿಮ್ಮ ಮಾತಿಗೆ ತೂಕವಿದೆ. ಅಸೋಸಿಯೇಟ್ ಓದಿದವರನ್ನು ಕೀಳಾಗಿಸುವ ಒಂದು ಪದವೂ ಬಾಯಿಂದ ಬರಬಾರದು.

ಇಷ್ಟಾದರೂ ಅವರ ಕೋಪ ಇಳಿಯದೆ ಹೋಗಬಹುದು. ಅದಕ್ಕೆ ಸಮಯ ಕೊಡಿ; ಅವರು ಒಪ್ಪುವವರೆಗೆ ನೀವು ಬಾಯಿ ಮುಚ್ಚಿಕೊಂಡಿರಬೇಕಿಲ್ಲ.

ನಿದ್ದೆಗೇಡು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಿ. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಸಿಬ್ಬಂದಿಗೆ ಗುಟ್ಟು ಕಾಯುವ ಉಚಿತ ಆಪ್ತಸಲಹೆ ಇರುತ್ತದೆ, ನಿಮ್ಮಲ್ಲೂ ವಿಚಾರಿಸಿ. ಬದುಕೇ ಬೇಡ ಅನ್ನಿಸಿದರೆ ಯಾವ ಹೊತ್ತಿನಲ್ಲಾದರೂ ಅಲ್ಲಿನ 988 ಸಹಾಯವಾಣಿಗೆ ಕರೆ ಮಾಡಿ.

ಹಿಂದೆ ಸರಿಯಬೇಡಿ. ಆದರೆ ಸಭೆಗೆ ಹೋಗುವ ಮೊದಲು ಅವರ ಮನೆಗೊಮ್ಮೆ ಫೋನ್ ಮಾಡಿ.